ಬಡಿಗೆ ಬದುವಿನ ಮೇಲೆ, ನಾಯಿ ಕುರಿಗಳ ಹತ್ತಿರ

ಮುತ್ಯಾ,

ನೀನು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ನಿನ್ನನ್ನು ನೆನೆದು ಅತ್ತಿದ್ದೇನೆ, ಇವತ್ತು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ನಿನ್ನ ಮೇಲಲ್ಲ. ನಿನ್ನ ಮಾತನ್ನು ತರಗತಿಯಲ್ಲಿ ಹೇಳಿದ್ದಕ್ಕೆ ನಾನು ಕ್ಷಮೆ ಕೇಳಬೇಕಂತೆ. ಕೇಳದಿದ್ದರೆ ಬೀದರದ ಕಾಲೇಜಿನಲ್ಲಿ ನನ್ನ ಅತಿಥಿ ಉಪನ್ಯಾಸಕಿಯ ಕೆಲಸ ಹೋಗುತ್ತದೆ.

ನನಗೆ ಹತ್ತು ವರ್ಷವಿದ್ದಾಗಿನ ಆ ಮಧ್ಯಾಹ್ನ ನಿನಗೆ ನೆನಪಿದೆಯಾ? ಔರಾದ ದಾಟಿ ಮಹಾರಾಷ್ಟ್ರದ ಗಡಿಯ ಹತ್ತಿರ ನಮ್ಮ ಕುರಿಗಳು ಯಾರದೋ ಕಡಲೆ ಹೊಲಕ್ಕೆ ನುಗ್ಗಿದ್ದವು. ನಾಲ್ಕು ಜನ ಕೊಡಲಿ ಹಿಡಿದು ಬಂದರು. ನೀನು ಬಡಿಗೆಯನ್ನು ಬದುವಿನ ಮೇಲಿಟ್ಟು ಬರಿಗೈಯಲ್ಲಿ ಅವರ ಕಡೆ ನಡೆದೆ. "ಮುತ್ಯಾ, ಬಡಿಗಿ ತಗೊ!" ಎಂದು ನಾನು ಅಳುತ್ತ ಕೂಗಿದೆ. ನೀನು ತಿರುಗಿಯೂ ನೋಡಲಿಲ್ಲ. ಹಾಳಾದ ಬೆಳೆಗೆ ಬದಲಾಗಿ ಮೂರು ದಿನ ಅವರ ಖಾಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು, ಗೊಬ್ಬರ ಅವರಿಗೆ, ಎಂದು ಮಾತಾಯಿತು. ಬಂದ ಮೇಲೆ ನನ್ನನ್ನೇ ಬೈದೆ: "ಬಡಿಗಿ ಹಿಡ್ಕೊಂಡ್ ಹೋದ್ರ ಅವ್ರು ಬಡಿಗಿ ಕೂಡ ಮಾತಾಡ್ತಾರ, ನನ್ ಕೂಡ ಅಲ್ಲ. ನಾಯಿ ಎಲ್ಲ್ಯವ ನೋಡಿದೇನು? ಒಂದಾದ್ರೂ ನನ್ನ ಹಿಂದ ಬಂತೇನು?" ಬಂದಿರಲಿಲ್ಲ. ಎರಡೂ ನಾಯಿಗಳು ಕುರಿಗಳ ಮುಂದೆ ಕಿವಿ ನಿಗುರಿಸಿ ನಿಂತಿದ್ದವು.

ಭಾಲ್ಕಿ ಕಡೆ ಮೇಯಿಸಲು ಹೋದ ವರ್ಷದ ಕಥೆ ಹೇಳುವಾಗಲಂತೂ ನಿನ್ನನ್ನು ನೀನೇ ಬೈದುಕೊಳ್ಳುತ್ತಿದ್ದೆ. ಹೊಲದ ಯಜಮಾನ ಪ್ರೀತಿಯಿಂದ ಊಟಕ್ಕೆ ಕರೆದ. ನಾಯಿಗಳಿಗೂ ನಾಲ್ಕು ರೊಟ್ಟಿ ಸಿಗಲಿ ಎಂದು ನೀನು ಅವನ್ನೂ ಕರೆದುಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ತೋಳ ಎರಡು ಮರಿಗಳನ್ನು ಹೊತ್ತೊಯ್ದಿತ್ತು. "ಗೆಳೆತನ ಬ್ಯಾರೆ, ಕಾವಲ ಬ್ಯಾರೆ. ನಾ ಎರಡೂ ಕಲಸಿಬಿಟ್ಟೆ" ಎನ್ನುತ್ತಿದ್ದೆ. ಇಂಥ ಮನುಷ್ಯನಿಂದ ಪಾಠ ಕಲಿತವಳು ನಾನು, ಇವರು ದೂರುವಂತೆ ಶರಣಾಗತಿ ಕಲಿಸುತ್ತೇನಾ?

ಹೋದ ತಿಂಗಳು ವಿದೇಶಾಂಗ ನೀತಿಯ ಪಾಠ ಮಾಡುವಾಗ ಈ ಎರಡೂ ಕಥೆ ಹೇಳಿದೆ. ದೇಶಗಳು ಮಾಡುವುದೂ ಇದನ್ನೇ ಅಲ್ಲವೇ? ಮಾತಿಗೆ ಜನ ಕಳಿಸುತ್ತವೆ, ಗಡಿಯ ಕಾವಲು ಬಿಡುವುದಿಲ್ಲ, ಎದುರಿನವರಿಗೂ ಏನಾದರೂ ದಕ್ಕುವಂತೆ ಒಪ್ಪಂದ ಮಾಡಿಕೊಳ್ಳುತ್ತವೆ. ಶೋಭಾ ಎನ್ನುವ ಹುಡುಗಿ ಎದ್ದು ನಿಂತಳು. ಅವಳ ಅಣ್ಣ ಸೈನ್ಯದಲ್ಲಿದ್ದಾನೆ. "ನಮ್ಮಣ್ಣನೂ ಹಂಗೇ ಹೇಳ್ತಾನ್ರಿ ಮೇಡಂ. ಅವ್ರ ಸಾಹೇಬ್ರು ಆಚಿ ಕಡಿಯವ್ರ ಕೂಡ ಮಾತಾಡ್ಲಾಕ ಹೋಗ್ತಾರಂತ್ರಿ, ಬಾಕಿದೋರು ಹಿಂದ ಕಾವಲ ಇರ್ತಾರಂತ." ಎಷ್ಟು ಖುಷಿಯಾಯಿತು ಗೊತ್ತಾ ನನಗೆ. ಆದರೆ ಯಾರೋ ಪಾಠವನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು. ಬಡಿಗೆ ಕೆಳಗಿಟ್ಟ ಭಾಗವನ್ನಷ್ಟೇ ಊರಿಗೆಲ್ಲ ಹಂಚಿದರು. ನಾಯಿಗಳ ಮಾತನ್ನು ಕತ್ತರಿಸಿ ಎಸೆದರು, ಮುತ್ಯಾ! ಶತ್ರುವಿನ ಮುಂದೆ ಆಯುಧ ಕೆಳಗಿಡಿ ಎನ್ನುವ ಮೇಡಂ ಎಂದು ಹೆಸರಾಯಿತು. ನೌಬಾದದ ಆಟೋದವನೂ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಆ ವಿಡಿಯೋದಾಗ ಇದ್ದೋರು ನೀವೇ ಅಲ್ರಿ?" ಎಂದು ಕೇಳಿದ.

ನಿನ್ನೆ ಪ್ರಿನ್ಸಿಪಾಲರು ಕರೆದು ಒಂದು ಹಾಳೆ ಮುಂದಿಟ್ಟರು.

"ಒಂದ್ ಸಹಿ ಹಾಕ್ರಿ ಮೇಡಂ, ಮುಗದ್ ಹೋಗ್ತದ."

"ನೀವಾದ್ರೂ ಪೂರಾ ಪಾಠ ಕೇಳೀರೇನ್ರಿ ಸರ್?"

"ಈಗ ಯಾರ್ ಕೇಳ್ತಾರ್ರಿ ಪೂರಾ?"

ಹೆದರಿದೆ, ಸುಳ್ಳು ಯಾಕೆ ಹೇಳಲಿ. ಚಿದ್ರಿಯ ಬಾಡಿಗೆ ಮನೆ, ಅವ್ವನ ಔಷಧಿ, ಎಲ್ಲ ಕಣ್ಣ ಮುಂದೆ ಬಂತು. ಆದರೆ ಪೂರಾ ಕೇಳುವಷ್ಟು ಪುರುಸೊತ್ತಿಲ್ಲದವರು ದೇಶ ಕಾಯುತ್ತಾರಾ? ಚಹಾದಂಗಡಿಯಲ್ಲಿ ಕೂತು ದಿನಕ್ಕೊಂದು ಯುದ್ಧ ಗೆಲ್ಲುವ ಇವರ ಮನೆಯಿಂದ ಗಡಿಗೆ ಹೋದವರು ಎಷ್ಟು ಜನ? ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮವರೇ ಹೇಳಿದ್ದು. ಅದನ್ನು ಹೇಡಿತನ ಅನ್ನುವುದಾದರೆ...

ಆ ಹಾಳೆಯಲ್ಲಿ ಎರಡು ಭಾಗವಿತ್ತು. ಮೇಲೆ, ನಾನು ಹೇಳಿದ್ದು ತಪ್ಪು, ಕ್ಷಮಿಸಿ ಎಂಬ ಒಪ್ಪಿಗೆ. ಅದರ ಮೇಲೆ ಗೀಟು ಎಳೆದೆ. ಕೆಳಗೆ, ಈ ಪಾಠವನ್ನು ಯಾವ ಪುಸ್ತಕದ ಆಧಾರದಿಂದ ಮಾಡಿದಿರಿ ಎಂಬ ಪ್ರಶ್ನೆ. ಅಲ್ಲಿ ದುಂಡಗೆ ಬರೆದೆ: "ಮಾಳಪ್ಪ, ಕುರಿಗಾರರು, ಔರಾದ ತಾಲೂಕು. ಓದು ಬರಹ ಇಲ್ಲ. ನನ್ನ ಮುತ್ಯಾ." ಸಹಿ ಹಾಕಿ ಕೊಟ್ಟೆ. ಪ್ರಿನ್ಸಿಪಾಲರು ಎರಡು ಸಲ ಓದಿದರು, ಠಸ್ಸೆ ಹೊಡೆದು ಫೈಲಿಗೆ ಸೇರಿಸಿದರು.

ಸೋಮವಾರ ಹತ್ತೂವರೆಗೆ ನನ್ನ ತರಗತಿ ಇದೆ. ನನ್ನನ್ನು ಕೆಲಸದಿಂದ ತೆಗೆದು ಬಾಗಿಲು ಹಾಕಿದ್ದರೆ ಗೇಟಿನ ಹೊರಗೆ ನಿಂತು ಪಾಠ ಮಾಡುತ್ತೇನೆ, ಮೊದಲಿನಿಂದ ಕೊನೆಯವರೆಗೆ, ಪೂರಾ.

ನಿನ್ನ ಮೊಮ್ಮಗಳು