ಕುರಿಗಳು ಕುಡಿಯದ ನೀರು

೯ ಏಪ್ರಿಲ್ ೨೦೨೫, ಬುಧವಾರ. ದರಿಬಡಚಿ.

ಆ ಕುರಿಗಳು ತೊಟ್ಟಿಗೆ ಬಾಯಿ ಹಾಕದೆ ಹಿಂದೆ ಸರಿದದ್ದು ಇನ್ನೂ ಕಣ್ಣ ಮುಂದೆಯೇ ಇದೆ.

ಶಿವಲಿಂಗವ್ವನ ಬಾವಿಯ ಡೀಸೆಲ್ ಇಂಜಿನ್ನು ಈ ಬಿಸಿಲಿಗೆ ತಾಳುತ್ತಿರಲಿಲ್ಲ. ಆಯಿಲ್ ಕಾದು ನೀರಿನಂತೆ ತೆಳ್ಳಗಾಗುತ್ತಿತ್ತು. ಹೋದ ವಾರ ಅದರ ತಳದ ಆಯಿಲ್ ಚೇಂಬರಿನೊಳಗೇ ತಾಮ್ರದ ಪೈಪು ಸುತ್ತಿ ಕೂರಿಸಿದ್ದೆ. ಪಂಪು ಎತ್ತಿದ ನೀರು ಸ್ವಲ್ಪ ಅದರೊಳಗೆ ಹಾದು, ಆಯಿಲ್ ತಣಿಸಿ ಹೊರಬರಬೇಕು. ಬಂದದ್ದನ್ನು ಮಣ್ಣಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮೂರಲ್ಲಿ ನೀರು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಅವಳ ಕುರಿಗಳ ತೊಟ್ಟಿಗೆ ತಿರುಗಿಸಿದ್ದೆ.

ಪೈಪಿನ ಬೆಸುಗೆ ಬಿರಿದಿದೆ. ಇಂಜಿನ್ನು ನಿಂತಾಗ ಆಯಿಲ್ ಪೈಪಿನೊಳಕ್ಕೆ ಜಿನುಗಿ, ಬೆಳಿಗ್ಗೆ ಮೊದಲ ನೀರಿನ ಜೊತೆ ತೊಟ್ಟಿಗೆ ಬಂದುಬಿಟ್ಟಿದೆ.

"ಅಕೀಲಣ್ಣಾ, ಮೂಸಿ ಹಿಂದ ಸರದ್ವು ನೋಡ್ರಿ. ಮೂಕ ಜೀವಕ್ಕ ತಿಳೀತು," ಎಂದಳು ಶಿವಲಿಂಗವ್ವ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

"ಪೈಪ್ ತಗದ್ ಒಗೀತೀನಿ ಯವ್ವಾ. ಚೇಂಬರಿಗೆ ಹೊರಗಿಂದ ತಗಡಿನ ಪಟ್ಟಿ ವೆಲ್ಡಿಂಗ್ ಮಾಡ್ತೀನಿ. ಗಾಳಿಗೇ ತಣ್ಣಗಾಗ್ಲಿ."

ಹೇಳಿ ಬಂದಿದ್ದೇನೆ. ಗಾಳಿ ಸಾಕಾಗುತ್ತದೋ ಇಲ್ಲವೋ. ಈ ತಿಂಗಳು ಇಲ್ಲಿಯ ಗಾಳಿಯೂ ಒಲೆಯ ಮುಂದೆ ಕೂತಂತೆ.

ಇಬ್ಬರೂ ತೊಟ್ಟಿ ಬರಿದು ಮಾಡಿ ಬೂದಿ ಹಾಕಿ ತಿಕ್ಕಿದೆವು. ಎಷ್ಟು ನೀರು ಮಣ್ಣುಪಾಲಾಯಿತು! ಅವಳು ಅತ್ತ ನೋಡಲೇ ಇಲ್ಲ.

ಹೊರಡುವಾಗ ಅದೇ ಬಾವಿಯ ನೀರು ತಂಬಿಗೆಯಲ್ಲಿ ತಂದುಕೊಟ್ಟಳು. "ಕುಡೀರಿ, ಬಿಸಲಾಗ ದುಡದೀರಿ."

ತುಟಿಗೆ ಹಚ್ಚುವ ಮೊದಲು ನಾನು ಮೂಸಿದೆ.

ಅವಳು ನೋಡಿದಳು.