ತಾಂಬೂಲದ ತಟ್ಟೆಯಲ್ಲಿ ರಕ್ತದ ರಿಪೋರ್ಟು

ಗುಬ್ಬಿ
೧೪-೮-೨೦೦೩

ಕುಣಿಗಲ್ ಸಂಸ್ಥಾನದ ಪಟ್ಟದರಸಿ, ಅತ್ತೆಯ ಸೊಂಟದಿಂದ ಬೀರುವಿನ ಬೀಗದ ಕೈಯನ್ನು ಯುದ್ಧವಿಲ್ಲದೆ ಗೆದ್ದ ಧೀರೆ, ನನ್ನ ಪೌಡರ್ ಡಬ್ಬಿಯ ಮಾಜಿ ಕಳ್ಳಿ, ಶ್ರೀಮತಿ ಪ್ರೇಮಲತಾ ದೇವಿಯವರ ದಿವ್ಯ ಸನ್ನಿಧಾನಕ್ಕೆ, ತಂಗಿ ತ್ರಿವೇಣಿಯು ಸಮಸ್ತ ಮೊಡವೆಗಳ ಸಮೇತ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಿಮ್ಮೂರಿನ ಆ ಸಂಬಂಧ ತಪ್ಪಿಹೋಯ್ತು ಕಣೇ ಅಕ್ಕಾ.

ನೋಡೋಕೆ ಬಂದ ದಿನವೇ ಹುಡುಗನ ಸೋದರತ್ತೆ ಬಸವಲಿಂಗಮ್ಮ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ಆರಿಸೋ ಹಾಗೆ ನೋಡಿ, ಹುಡುಗಿ ಲಕ್ಷಣವಾಗೇ ಅವಳೆ, ಆದ್ರೆ ರಕ್ತ ಕೆಟ್ಟೈತೆ ಕಣಪ್ಪ ಅಂತ ತೀರ್ಪು ಕೊಟ್ಟಿದ್ದರು. ಅಪ್ಪ ಜಗಳ ಆಡಲಿಲ್ಲ. ರಕ್ತದ ಮೇಲೆ ಆಪಾದನೆ ಬಂದರೆ ರಕ್ತವೇ ಸಾಕ್ಷಿ ಹೇಳಲಿ ಅಂತ ನನ್ನನ್ನು ತುಮಕೂರಿಗೆ ಎಳೆದುಕೊಂಡು ಹೋದರು.

ಲ್ಯಾಬಿನವನು ನನ್ನ ರಕ್ತವನ್ನು ಸಪೂರ ಗಾಜಿನ ಕೊಳವೆಯಲ್ಲಿ ನಿಲ್ಲಿಸಿದ. ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗಿಳಿಯುತ್ತೋ ಅದೇ ಇಎಸ್ಆರ್ ಅಂತೆ. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡೋ ಹಾಗೆ ಅಪ್ಪ ಬಗ್ಗಿ ನೋಡಿ, ಎಷ್ಟು ಬೇಗ ಇಳೀತಾ ಅದೆ ನೋಡವ್ವ, ಚುರುಕು ರಕ್ತ ಅಂತ ಹಿಗ್ಗಿದ್ದೇ ಹಿಗ್ಗಿದ್ದು! ಬೇಗ ಇಳಿದಷ್ಟೂ ಕೇಡು ಅಂತ ನಮಗೇನು ಗೊತ್ತು? ಇಪ್ಪತ್ತರೊಳಗೆ ಇರಬೇಕಾದ್ದು ನನ್ನದು ಮೂವತ್ತೆಂಟು. ಸಿಆರ್‌ಪಿ ಅನ್ನೋ ಇನ್ನೊಂದೂ ಜಾಸ್ತಿಯೇ.

ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅನ್ನೋದಕ್ಕೆ ಇವು ಗುರುತು, ಅಷ್ಟೇ. ಇಷ್ಟು ದಪ್ಪ ಮೊಡವೆಗಳು ಬಾತುಕೊಂಡಾಗ ಏರಬಹುದು, ರಕ್ತ ಕೆಟ್ಟಿದೆ ಅಂತಲ್ಲ. ಹಾಗಾದರೆ ಮುಖದ ಊತ ರಕ್ತಕ್ಕೆ ಹೋಯಿತೋ, ರಕ್ತದ್ದೇ ಮುಖಕ್ಕೆ ಬಂತೋ ಅಂತ ಕೇಳಿದೆ. ಅದು ನಮಗೂ ಪೂರ್ತಿ ಗೊತ್ತಿಲ್ಲಮ್ಮ ಅಂದುಬಿಟ್ಟರು. ರಕ್ತ ಒಳ್ಳೇದು ಅಂತ ಒಂದು ಚೀಟಿ ಬರ್ಕೊಡಿ ಅಂತ ಅಪ್ಪ ಕೈಮುಗಿದರು. ಅಂಥ ಚೀಟಿ ಇರಲ್ವಂತೆ.

ಆಮೇಲೆ ಅಪ್ಪ ಮಾಡಿದ್ದನ್ನು ಕೇಳು. ತಾಂಬೂಲದ ತಟ್ಟೆಯಲ್ಲಿ ಎಲೆ, ಅಡಿಕೆ, ನಮ್ಮ ತೋಟದ ಕಾಯಿ, ಅದರ ಪಕ್ಕ ರಿಪೋರ್ಟು ಇಟ್ಟುಕೊಂಡು ಅವರ ಮನೆಗೇ ಹೋದರು. ನಾನು ಬೇಡ ಅಂದೆ. ಡಾಕ್ಟರಮ್ಮನೇ ಕೆಟ್ಟಿಲ್ಲ ಅಂದ ಮೇಲೆ ಬಚ್ಚಿಡೋದು ಯಾಕೆ ಅಂದರು. ಬಸವಲಿಂಗಮ್ಮ ಯಾರ ಕೈಲೋ ಓದಿಸಿ, ನಾನು ಕಣ್ಣಲ್ಲಿ ಕಂಡಿದ್ದನ್ನೇ ಕಾಗದವೂ ಹೇಳ್ತೈತಲ್ಲ ಅಂತ ಕಾಯಿ ಸಮೇತ ತಟ್ಟೆ ವಾಪಸ್ ಕೊಟ್ಟರಂತೆ. ಹುಡುಗ ಜಯಪ್ರಕಾಶ, ಆ ಮೌನವ್ರತದ ಮಹಾನುಭಾವ, ಗೋಡೆ ನೋಡುತ್ತಾ ಕೂತಿದ್ದನಂತೆ.

ಈಗ ಅವ್ವ ದಿನಾ ಬೇವಿನ ರಸ ಕುಡಿಸ್ತಾಳೆ. ಡಾಕ್ಟರು ಕೊಟ್ಟ ಮುಲಾಮು ಹಿಡಿಯೋಕೆ ತಿಂಗಳುಗಟ್ಟಲೆ ಬೇಕಂತೆ. ಹೊಸದಾಗಿ ಮೂಗಿನ ಮೇಲೊಂದು ಎದ್ದಿದೆ. ಅಪ್ಪ ಊಟಕ್ಕೆ ಕೂತಾಗ ನನ್ನ ಮುಖ ನೋಡಿ, ಬೇಗ ತಟ್ಟೆ ಕಡೆ ಕಣ್ಣು ತಿರುಗಿಸ್ತಾರೆ. ಎಷ್ಟು ತಮಾಷೆ ಮಾಡಿದರೂ ನಗಲ್ಲ ಕಣೇ. ನನ್ನ ಹತ್ತಿರ ಇದ್ದಿದ್ದು ಅದೊಂದೇ ಮದ್ದು.

ಬಾವನನ್ನು ಮಾತಾಡೋಕೆ ಅವರ ಮನೆಗೆ ಕಳಿಸ್ತೀನಿ ಅಂದಿದ್ದೆಯಂತೆ. ಖಂಡಿತ ಬೇಡ. ನಮಗೂ ಮಾನ ಇದೆ.

ಇಂತಿ, ಮೂವತ್ತೆಂಟರ ಮಹಾರಾಣಿ,
ತ್ರಿವೇಣಿ

ತಾ.ಕ.: ನೋಡೋಕೆ ಬಂದ ದಿನ ಉಪ್ಪಿಟ್ಟು ತಿನ್ನುವಾಗ ಆ ಮೌನವ್ರತದವನ ಚಮಚ ಕೆಳಗೆ ಬಿತ್ತು. ಯಾರೂ ನೋಡಲಿಲ್ಲ ಅಂತ ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ತಿಂದ. ನಾನು ನೋಡಿದ್ದು ಗೊತ್ತಾಗಿ, ನಕ್ಕುಬಿಟ್ಟ. ಬಾವ ತಾನಾಗೇ ಆ ಕಡೆ ಹೊರಟರೆ ತಡೀಬೇಡ ಕಣೇ.