ಹೆಳವರನ್ನು ಬಾಗಿಲಿನಿಂದ ಕಳಿಸಿದ ದಿನ

ಅಪ್ಪಾ,

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ. ನೀವು ಜೀವಮಾನವೆಲ್ಲ ಕಾದ ಸುದ್ದಿ ಒಂದು ದಿನ ನಮ್ಮ ಬಾಗಿಲಿಗೇ ಬಂದಿತ್ತು. ಅದನ್ನು ವಾಪಸ್ ಕಳಿಸಿದವಳು ನಾನು.

ತೊಂಬತ್ತಾರನೇ ಇಸವಿ, ಕೃಷ್ಣಮೂರ್ತಿಪುರಂ ಮನೆ. ನೀವು ಪ್ರೆಸ್ಸಿಗೆ ಹೋಗಿದ್ದಿರಿ, ನಾನು ಪರೀಕ್ಷೆಗೆ ಓದುತ್ತಿದ್ದೆ. ರುಮಾಲು ಸುತ್ತಿದ ಮುದುಕರೊಬ್ಬರು ಗೇಟಿನ ಬಳಿ ನಿಂತು ಯಾರು ಯಾರದೋ ಹೆಸರುಗಳನ್ನು ರಾಗವಾಗಿ ಹೇಳತೊಡಗಿದರು. ಭಿಕ್ಷೆಯವರೆಂದುಕೊಂಡು ಒಂದು ಪಾವು ಅಕ್ಕಿ ತಂದು ಜೋಳಿಗೆಗೆ ಸುರಿದೆ. "ನಿಮ್ಮಪ್ಪಾರ್ನ ಕರೀರವ್ವ, ಒಸಿ ಮಾತದೆ" ಅಂದರು. "ಮುಂದಕ್ಕೆ ಹೋಗಪ್ಪ" ಅಂದು ಬಾಗಿಲು ಹಾಕಿಕೊಂಡೆ. ಅವು ನಮ್ಮ ಮನೆತನದ್ದೇ ಹೆಸರುಗಳೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು? ನೀವು ಒಂದನ್ನಾದರೂ ಹೇಳಿಕೊಟ್ಟಿದ್ದಿರಾ? ನೋಡಿ, ತಪ್ಪು ಒಪ್ಪಿಕೊಳ್ಳಲು ಕೂತವಳು ನಿಮ್ಮ ಮೇಲೇ ಹಾಕುತ್ತಿದ್ದೇನೆ.

ಒಂದು ಮಹಾಲಯ ಅಮಾವಾಸ್ಯೆಗೆ ನೀವು ಅಜ್ಜಿಗೆ ಹೊಸ ಸೀರೆ ಇಟ್ಟು ಎಡೆ ಬಡಿಸುತ್ತಿದ್ದಾಗ, ತಾತನಿಗೆ ಯಾಕಿಲ್ಲ ಅಂತ ಕೇಳಿದ್ದೆ. "ಸತ್ತವ್ನೋ ಬದುಕವ್ನೋ ಗೊತ್ತಿಲ್ದೋನಿಗೆ ಎಡೆ ಹೆಂಗಿಕ್ಕಾದು? ಸುಮ್ನಿರು ಕಣಮ್ಮ" ಅಂದಿರಿ. ಅವತ್ತು ನೀವು ಸರಿಯಾಗಿ ಊಟ ಮಾಡಲಿಲ್ಲ. ನಿಮಗೆ ನಾಲ್ಕು ವರ್ಷವಿದ್ದಾಗ ತಾತ ಜೋಳದ ಗಾಡಿ ಕಟ್ಟಿಕೊಂಡು ಹೋದವರು, ಊರೆಲ್ಲ 'ಹೆಂಡತಿ ಮಗನನ್ನು ಬಿಟ್ಟು ಹೋದ' ಅಂತಲೇ ಆಡಿಕೊಂಡಿತು. ಅಜ್ಜಿ ಸಾಯುವವರೆಗೂ ಕುಂಕುಮ, ಬಳೆ ತೆಗೆಯಲಿಲ್ಲ. "ನನ್ನಲ್ಲಿ ಏನು ಕೊರ್ತೆ ಕಂಡು ಬುಟ್ಟೋದ?" ಅಂತ ನೀವು ಅಮ್ಮನನ್ನು ಕೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಷ್ಟು ವಯಸ್ಸಾದ ಮೇಲೂ...

ನೀವು ತೀರಿಹೋದ ಮೇಲೆ ವಿಜಯನಗರದ ಈ ಹೊಸ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಿಕ್ಕ ಸಿಕ್ಕ ಭಾನುವಾರ ನಿಮ್ಮ ಊರಿನ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಅಜ್ಜಿ, "ನಿಮ್ ವಂಸ ಬರ್ಕೊಂಡಿರೋರು ಹೆಳವ್ರು ಕಣವ್ವ, ಅವ್ರನ್ನ ಕೇಳು" ಅಂದಳು. ಹೆಳವರೆಂದರೆ ಯಾರು, ಅಂದೆ. ನಾಲ್ಕೈದು ವರ್ಷಕ್ಕೊಮ್ಮೆ ಮನೆ ಮನೆಗೆ ಬಂದು ಹಿರಿಯರ ಹೆಸರು ಹಾಡಿ, ಹುಟ್ಟು ಸಾವು ಬರೆದುಕೊಂಡು ಹೋಗುವವರಂತೆ. ರುಮಾಲು, ಜೋಳಿಗೆ ಅಂತ ಅವಳು ಹೇಳುತ್ತಾ ಹೋದಂತೆ ಅವತ್ತು ನಮ್ಮ ಗೇಟಿನ ಬಳಿ ನಿಂತಿದ್ದ ಮುದುಕರು ಯಾರೆಂದು ತಿಳಿಯಿತು.

ಹುಡುಕಿಕೊಂಡು ಹೋದಾಗ ನಮ್ಮ ಬಾಗಿಲಿಗೆ ಬಂದಿದ್ದ ಆ ಹಿರಿಯರು ತೀರಿಕೊಂಡಿದ್ದರು. ಅವರ ಮಗ ಪುಸ್ತಕ ಬಿಚ್ಚಿ ಓದಿದರು. ತಾತ ಗಾಡಿ ಕಟ್ಟಿಕೊಂಡು ಹೊರಟ ತಿಂಗಳಲ್ಲೇ ದಾರಿಯಲ್ಲಿ ವಾಂತಿಭೇದಿಯಾಗಿ ಸತ್ತಿದ್ದರು, ಅಪ್ಪ. ಆ ಊರಿನವರೇ ಮಣ್ಣು ಮಾಡಿದ್ದರು. ಸುದ್ದಿ ತಂದ ಹೆಳವರಿಗೆ ನಿಮ್ಮ ದೊಡ್ಡಪ್ಪ, "ಅವ್ಳು ತುಂಬಿದ ಬಸ್ರಿ, ಹೆರಿಗೆ ಆಗ್ಲಿ" ಅಂದರಂತೆ. ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಆಮೇಲೆ ಅಜ್ಜಿಯ ಕುಂಕುಮವನ್ನೂ ಅಳಿಸುವ ಧೈರ್ಯ ಯಾರಿಗೆ ಬಂದೀತು? ನಾಳೆ ನಾಳೆ ಅನ್ನುತ್ತಲೇ ದೊಡ್ಡಪ್ಪನೂ ತೀರಿಕೊಂಡರು.

"ಮಗಂಗಾದ್ರೂ ಏಳ್ಬೇಕು ಅಂತ ನಮ್ಮಪ್ಪ ಮೈಸೂರ್ಗೂ ಓಗಿದ್ರು. ಮನೇಲಿ ಯಾರೂ ಸಿಗ್ನಿಲ್ವಂತೆ" ಅಂದರು ಆ ಮಗ. ಯಾರೂ ಸಿಗಲಿಲ್ಲ ಅಂದಿದ್ದಾರೆ, ಅಪ್ಪ. ನನ್ನನ್ನು ದೂರಲೂ ಇಲ್ಲ ಆ ಮನುಷ್ಯ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎದ್ದು ಬಂದವಳು ತಡೆಯಲಾರದೆ ಮತ್ತೆ ಒಳಗೆ ಹೋಗಿ ಕೇಳಿದೆ: ತಾತನ ಗಾಡಿ ಆಗ ಯಾವ ಕಡೆ ಹೋಗುತ್ತಿತ್ತು? ಅವರು ಪುಸ್ತಕ ನೋಡಲೇ ಇಲ್ಲ. "ಊರ್ ಕಡೀಕೇ ಕಣವ್ವ. ಜೋಳ ಇಳಿಸ್ಬುಟ್ಟು ವಾಪಸ್ ಬತ್ತಿದ್ರು."

ಕೇಳಿಸಿತಾ ಅಪ್ಪಾ? ಅವರು ನಿಮ್ಮನ್ನು ಬಿಟ್ಟು ಹೋಗಿರಲಿಲ್ಲ. ಮನೆಗೆ ಬರುತ್ತಿದ್ದರು.